ಮೊದಲ ಕವಡೆ ನನ್ನದು

ಬಸೂ, ಚೆನ್ನೀ, ನೀವಿಬ್ಬರೂ ಇದನ್ನು ಓದುವ ಹೊತ್ತಿಗೆ ನಿಮ್ಮ ಅಪ್ಪನ ಸಿಟ್ಟು ಇಳಿದಿರಬಹುದು, ಇಳಿಯದೆಯೂ ಇರಬಹುದು. ಅದು ಇಳಿಯಲಿ ಅಂತ ಕಾಯುತ್ತ ಕೂತರೆ ನಾನು ಬರೆಯುವುದು ಆಗುವುದಿಲ್ಲ.

ನಿಮ್ಮ ಅಕ್ಕ ದಾಕ್ಷಿಯನ್ನು ಕರೆದುಕೊಂಡು ಬರಲು ಅಜ್ಜಿ ಫಿನ್‌ಲ್ಯಾಂಡಿಗೆ ಹೋದಳು, ಬರಿಗೈಲೆ ತಿರುಗಿ ಬಂದಳು ಎಂದು ನೀವು ಕೇಳಿದ್ದೀರಿ. ಹುಡುಗಿ ಅತ್ತು ಕರೆದಳು, ಮುದುಕಿ ಕರಗಿದಳು ಎಂದು ಓಣಿಯವರು ಹೇಳುತ್ತಾರೆ. ಅಲ್ಲಿಯವರು ತಲೆ ಕೆಡಿಸಿದರು ಎಂದು ನಿಮ್ಮ ಹಿರೇಕೆರೂರ ಗಿರಿಜಜ್ಜಿ ಹೇಳುತ್ತಾಳೆ. ದಾಕ್ಷಿ ಅಳಲಿಲ್ಲ. ನನ್ನ ತಲೆಯೂ ಕೆಡಲಿಲ್ಲ. ನಡೆದದ್ದನ್ನು ನಡೆಸಿದವಳು ನಾನು. ಬೇರೆಯವರ ಬಾಯಿಂದ ಕೇಳುವ ಮೊದಲು ನನ್ನ ಕೈಬರಹದಲ್ಲಿ ಓದಿರಿ.

ನನಗೆ ಮಾತು ಕಡಿಮೆ. ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯ ಸಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು. ನಾಲ್ಕು ಮಂದಿ ಕೂತಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಬರೆಯುವಾಗ ಹಾಗಾಗುವುದಿಲ್ಲ, ಕಾಗದ ನನ್ನ ಮುಖ ನೋಡುವುದಿಲ್ಲ.

ಸವಣೂರು

ದಾಕ್ಷಿ ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಎಲ್ಲರೂ 'ಕಂಪ್ಯೂಟರ್' ಅನ್ನುತ್ತಿದ್ದೆವು. ನಿಜ ಅದಲ್ಲ. ಅವಳು ಓದುವುದು ಆಟ. ಆಡುವುದಲ್ಲ, ಹೊಸ ಆಟ ಕಟ್ಟುವುದು. ಅದರಲ್ಲೂ ಅಂಗಡಿಯಲ್ಲಿ ಮಾರುವ ಆಟವಲ್ಲ. ಹೀಗೆ ಆಡಿದರೆ ಮನುಷ್ಯರು ಏನಾಗುತ್ತಾರೆ ಎಂದು ಪರೀಕ್ಷೆ ಮಾಡುವ ಆಟ.

ಗಿರಿಜಜ್ಜಿಗೆ ಇದು ಹೇಗೋ ತಿಳಿಯಿತು. ಅವಳು ನಿಮ್ಮ ಅಜ್ಜನ ತಂಗಿ, ಹಿರೇಕೆರೂರಿನಿಂದ ಬಂದರೆ ವಾರಕ್ಕಾಗುವಷ್ಟು ಮಾತು ತರುತ್ತಾಳೆ. ಪಡಸಾಲೆಯಲ್ಲಿ ಕೂತು ಎಲೆಯ ತೊಟ್ಟು ಮುರಿಯುತ್ತ ನನಗೆ, "ಗಂಗವ್ವಾ, ನಮ್ಮ ಮೊಮ್ಮಗನೂ ಇಡೀ ದಿನ ಚಿಣ್ಣಿದಾಂಡು ಆಡ್ತಾನ. ಅವಗೂ ಒಂದು ಡಿಗ್ರಿ ಕೊಡ್ತಾರೇನು ಕೇಳ ನಿಮ್ಮ ದಾಕ್ಷಿನ" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಗ ನನ್ನ ಮನಸ್ಸಿನಲ್ಲಿ ಇದ್ದದ್ದೂ ಅದೇ.

ಇದರ ನಡುವೆ ಹಾನಗಲ್ಲಿನ ಒಂದು ವ್ಯಾಪಾರಸ್ಥರ ಮನೆಯಿಂದ ದಾಕ್ಷಿಗೆ ಸಂಬಂಧ ಬಂತು. ಒಳ್ಳೆಯ ಮನೆತನ. ಹುಡುಗ ಎಂಥವನೋ ನಾನು ನೋಡಿಲ್ಲ, ಕೆಟ್ಟವನು ಅನ್ನುವುದಿಲ್ಲ. ಓದು ಬಿಡಿಸಿ ಕರೆಸಿರಿ, ಶ್ರಾವಣದಲ್ಲಿ ನಿಶ್ಚಯ ಮಾಡೋಣ ಎಂದು ಅವರು ಹೇಳಿಕಳಿಸಿದರು. ದಾಕ್ಷಿಯ ಓದು ಮುಗಿಯಲು ಇನ್ನೊಂದು ವರ್ಷ ಇತ್ತು. ಅಪ್ಪ ಫೋನಿನಲ್ಲಿ ಕರೆದರೆ ಅವಳು, "ಈಗಲ್ಲಪ್ಪ" ಅನ್ನುತ್ತಿದ್ದಳು.

ಆಗಲೇ ಅವಳು ನನಗೆ ಫೋನು ಮಾಡಿದ್ದು. "ಅಜ್ಜಿ, ನಾ ನಮ್ಮ ಚಕ್ಕಾ ತಗೊಂಡು ಒಂದು ಕೆಲಸ ಮಾಡಾಕತ್ತೇನಿ. ನೀ ಇಲ್ಲಿಗೆ ಬಂದು ನಮ್ಮ ಕ್ಲಾಸಿನವರ ಜೋಡಿ ಒಮ್ಮೆ ಆಡಬೇಕು." ಚೌಕಾಬಾರಕ್ಕೆ ನಮ್ಮ ಮನೆಯಲ್ಲಿ ಚಕ್ಕಾ ಅನ್ನುವುದು ನಿಮಗೆ ಗೊತ್ತು.

ನಿಮ್ಮ ಅಪ್ಪ ಶಂಕ್ರಪ್ಪ, ನನ್ನ ಮಗ, ಇದನ್ನು ಕೇಳಿ ಮೊದಲು ಲೆಕ್ಕ ಹಾಕಿದ. ಆಮೇಲೆ ಮುಖ ಅರಳಿತು. "ಹೋಗಿ ಬಾ ಅವ್ವಾ. ನಿನ್ನ ಮಾತು ಆಕಿ ಮೀರೂದಿಲ್ಲ. ಹೋಗೂವಾಗ ಒಂದು ಸೀಟು, ಬರೂವಾಗ ಎರಡು ಸೀಟು ಹಿಡಿಸ್ತೇನಿ. ಕರಕೊಂಡ ಬರ್ತಿ ಹೌದಲ್ಲ?"

ನಾನು ತಲೆ ಆಡಿಸಿದೆ. ಐವತ್ತು ವರ್ಷದಿಂದ ಈ ಮನೆಯಲ್ಲಿ ನಾನು ಎಲ್ಲದಕ್ಕೂ ತಲೆ ಆಡಿಸಿದ್ದೇನೆ. ಅದನ್ನು ಎಲ್ಲರೂ ಒಪ್ಪಿಗೆ ಎಂದು ಎಣಿಸಿಕೊಂಡಿದ್ದಾರೆ.

ಯಲವಿಗಿ, ಆಮೇಲೆ ಗಾಲಿಕುರ್ಚಿ

ಯಲವಿಗಿಯಲ್ಲಿ ರೈಲು ಹತ್ತಿದೆ. ಚೀಲದಲ್ಲಿ ಇದ್ದದ್ದು ಸೀರೆ, ವಿಭೂತಿ ಗಟ್ಟಿ, ಕುರುಕಲು ತಿನ್ನುವ ಸವಣೂರ ಖಾರ, ಒದ್ದೆ ಅರಿವೆಯಲ್ಲಿ ಸುತ್ತಿದ ನಮ್ಮ ತೋಟದ ವೀಳ್ಯದೆಲೆ, ಕವಡೆ, ಮತ್ತು ನನ್ನ ಕಾಯಿಗಳು. ಎಲೆ ತಂದದ್ದು ದಾಕ್ಷಿಯ ಗುರುಗಳಿಗೆ. ಕಲಿಸುವವರ ಮುಂದೆ ಎಲೆ ಅಡಿಕೆ ಇಡದೆ ಹೇಗೆ ಹೋಗುವುದು?

ಕಾಯಿಗಳ ಬಗ್ಗೆ ನಿಮಗೆ ಹೇಳಿಲ್ಲ. ಹೆಂಗಸರು ಚಕ್ಕಾ ಆಡುವಾಗ ಒಡೆದ ಬಳೆಯ ಚೂರನ್ನು ಕಾಯಿ ಮಾಡಿಕೊಳ್ಳುತ್ತೇವೆ. ನಿಮ್ಮ ಅಜ್ಜ ತೀರಿದ ದಿನ ನನ್ನ ಹಸಿರು ಬಳೆಗಳನ್ನು ಒಡೆದರು, ಯಾರೋ ಗುಡಿಸಿ ಎಸೆದರು. ನಾಲ್ಕು ಚೂರು ಜೋಳದ ಚೀಲದ ಕೆಳಗೆ ಸರಿದಿದ್ದವು. ಹದಿನೈದು ದಿನ ಬಿಟ್ಟು ಚೀಲ ಎತ್ತಿದಾಗ ಸಿಕ್ಕವು. ಎಸೆಯಬೇಕು ಎಂದು ಯಾರಾದರೂ ಹೇಳುತ್ತಿದ್ದರು, ಅದಕ್ಕೆ ಯಾರಿಗೂ ತೋರಿಸಲಿಲ್ಲ. ಅವೇ ನನ್ನ ಕಾಯಿ.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಬ್ಬ ಹುಡುಗಿ ಗಾಲಿಕುರ್ಚಿ ತಂದು ನಿಲ್ಲಿಸಿ, "ಕೂತ್ಕೊಳ್ಳಿ ಅಮ್ಮ" ಅಂದಳು. ಮುದುಕಿ ದಾರಿ ತಪ್ಪಬಾರದೆಂದು ನಿಮ್ಮ ಅಪ್ಪ ಹೇಳಿಟ್ಟಿದ್ದ.

"ನನ್ನ ಕಾಲು ಚಲೋ ಅದಾವ" ಅಂದೆ.

"ನಿಮ್ಮ ಹೆಸರಲ್ಲಿ ಬಂದಿದೆ ಅಮ್ಮ. ಖಾಲಿ ತಗೊಂಡು ಹೋದ್ರೆ ನನಗೆ ಬೈತಾರೆ."

ಅವಳಿಗೂ ಒಂದು ಹೊಟ್ಟೆ ಇದೆಯಲ್ಲ. ನನ್ನ ಚೀಲವನ್ನು ಕುರ್ಚಿಯಲ್ಲಿ ಕೂರಿಸಿದೆವು, ಮೇಲೆ ನನ್ನ ಶಾಲು ಹೊದಿಸಿದೆವು. ಇಬ್ಬರೂ ನಡೆದೆವು. ಎಲ್ಲ ಬಾಗಿಲಲ್ಲೂ ಚೀಲಕ್ಕೆ ದಾರಿ ಬಿಟ್ಟರು.

ಫಿನ್‌ಲ್ಯಾಂಡಿನಲ್ಲಿ ಇಳಿದಾಗ ಹಳದಿ ಕೂದಲಿನ ಒಬ್ಬ ಅಧಿಕಾರಿಣಿ ನನ್ನ ಗಂಟು ಬಿಚ್ಚಿದಳು. ಎಲೆ ಇನ್ನೂ ಹಸಿರಾಗಿತ್ತು. ಹೊರಗಿನ ಹಸಿ ಎಲೆ ಒಳಗೆ ಬರುವಂತಿಲ್ಲ ಎಂದು ಕೈಸನ್ನೆಯಲ್ಲಿ ಹೇಳಿ, ಡಬ್ಬಿಗೆ ಹಾಕಿದಳು. ಎಸೆಯಲಿಲ್ಲ, ಬಾಗಿ ಮೆಲ್ಲಗೆ ಇಟ್ಟಳು. ಖಾರದ ಪೊಟ್ಟಣವನ್ನು ಮೂಸಿದಳು, ಇನ್ನೊಮ್ಮೆ ಮೂಸಿದಳು, ಹಿಂದಕ್ಕೆ ಕೊಟ್ಟಳು. ನಾನು ಬರಿಗೈಲೆ ಗುರುಗಳ ಊರಿಗೆ ಬಂದೆ ಎಂದು ಹೊರಗೆ ಕಾಯುತ್ತಿದ್ದ ದಾಕ್ಷಿಯ ಮುಂದೆ ಗೊಣಗಿದೆ. ಅವಳು ನನ್ನನ್ನು ತಬ್ಬಿಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ.

ಐಲಾಳ ಮನೆ

ದಾಕ್ಷಿ ಇರುವುದು ಒಂದು ದೊಡ್ಡ ಕೆರೆಯ ದಂಡೆಯ ಊರಿನಲ್ಲಿ. ಊರಿನ ಹೆಸರು ನನ್ನ ಬಾಯಿಗೆ ಹತ್ತಲಿಲ್ಲ. ಐಲಾ ಎಂಬ ಒಬ್ಬ ಮುದುಕಿಯ ಮನೆಯಲ್ಲಿ ಅವಳಿಗೆ ಒಂದು ಕೋಣೆ. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕು ಎಂದು ದಾಕ್ಷಿ ಹೇಳಿದಾಗ, ಇದನ್ನೂ ಹೇಳಬೇಕೇ ಅನಿಸಿತು.

ಆ ಊರಿನಲ್ಲಿ ನನಗೆ ಮೊದಲು ಹಿಡಿಸಿದ್ದು ಬಸ್ ನಿಲ್ದಾಣ. ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಒಂದು ಎಮ್ಮೆ ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದರು. ಯಾರೂ ಯಾರನ್ನೂ 'ಯಾವೂರು, ಎಷ್ಟು ಮಕ್ಕಳು, ಗಂಡ ಏನಾದ' ಎಂದು ಕೇಳಲಿಲ್ಲ. ಎದುರು ಬಂದವರು ನೆಲ ನೋಡಿದರು, ನಾನೂ ನೆಲ ನೋಡಿದೆ. ಸವಣೂರಿನಲ್ಲಿ ನನ್ನನ್ನು ಮೂಗಿ ಅನ್ನುತ್ತಾರೆ. ಇಲ್ಲಿ ಇಡೀ ದೇಶವೇ ನನ್ನ ಹಾಗೆ ಇತ್ತು.

ಐಲಾ ಏಲಕ್ಕಿ ಹಾಕಿದ ಬನ್ನು ಕೊಟ್ಟಳು. ಹಾವೇರಿಯಲ್ಲಿ ನಾವು ಏಲಕ್ಕಿಯನ್ನು ಮಾಲೆ ಮಾಡಿ ಮಂತ್ರಿಗಳ ಕೊರಳಿಗೆ ಹಾಕುತ್ತೇವೆ. ಇವರು ಹಿಟ್ಟಿಗೆ ಹಾಕಿ ತಿನ್ನುತ್ತಾರೆ. ಅವರದೇ ಸರಿ ಅನಿಸಿತು.

ಒಂದೇ ತ್ರಾಸು ಸೂರ್ಯನದು. ಅದು ಅಲ್ಲಿಯ ಬೇಸಿಗೆಯ ಶುರು, ಹೊತ್ತು ಮುಳುಗುವುದು ನಡುರಾತ್ರಿಯ ಹತ್ತಿರ. ಹೊತ್ತು ಮುಳುಗಿದಾಗ ದೀಪ ಹಚ್ಚುವವಳು ನಾನು. ಕಿಟಕಿಯಲ್ಲಿ ಕೂತು ಕಾದೆ, ಕಾದೆ. ಬಿಸಿಲು ಗೋಡೆಯ ಮೇಲೆ ಹಾಗೇ ಕೂತಿತ್ತು. ಕೊನೆಗೆ ದಾಕ್ಷಿ, "ಅಜ್ಜಿ, ನೀ ಹಚ್ಚಿದಾಗ ಸಂಜಿ ಆತು ಅಂತ ತಿಳಕೊ" ಅಂದಳು. ಅವತ್ತು ಬಿಸಿಲಲ್ಲೇ ದೀಪ ಹಚ್ಚಿದೆ. ಸೂರ್ಯನಿಗೆ ಹೇಳದೆ ಸಂಜೆ ಮಾಡಿದ್ದು ಅದೇ ಮೊದಲು.

ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. "ಬರೂವಾಗ ಅಪ್ಪ ನನಗೂ ಸೀಟು ಹಿಡಿಸ್ಯಾನ. ನನಗ ಮೆಸೇಜ್ ಬಂದದ. ನೀ ಯಾಕ ಬಂದೀ ಅಂತ ಗೊತ್ತದ."

"ಗೊತ್ತಿದ್ರ ಚಲೋ ಆತು. ಹೇಳೂ ತ್ರಾಸ ತಪ್ಪಿತು."

"ನಾ ಬರೂದಿಲ್ಲ."

"ಈಗ ಉಣ್ಣು" ಅಂದೆ. ಅವಳ ತಟ್ಟೆಗೆ ಖಾರ ಸುರಿದೆ. ಅವಳ ವಯಸ್ಸು ಕಳೆಯುತ್ತಿದೆ, ಮನೆ ದೊಡ್ಡದು, ಆಟ ಎಂದರೆ ಆಟ ಎಂದು ನನ್ನೊಳಗೆ ಇನ್ನೂ ಗಿರಿಜಜ್ಜಿಯೇ ಮಾತಾಡುತ್ತಿದ್ದಳು.

ಆಟದ ಸಾಲೆ

ಅಲ್ಲಿ ಬೆಂಚು ಇಲ್ಲ. ದೊಡ್ಡ ಕೋಣೆ, ಎಲ್ಲರೂ ಕಾಲುಚೀಲದಲ್ಲಿ ಓಡಾಡುತ್ತಾರೆ. ಒಬ್ಬ ಹುಡುಗ ಚದುರಂಗದ ಕಾಯಿಗಳನ್ನು ಮಂಜುಗಡ್ಡೆಯಲ್ಲಿ ಮಾಡಿದ್ದ. ಯೋಚಿಸುತ್ತ ಕೂತರೆ ರಾಜ ಕರಗುತ್ತಾನೆ. ಒಬ್ಬ ಹುಡುಗಿಯ ಆಟದಲ್ಲಿ ಇಬ್ಬರು ಕಣ್ಣು ಮುಚ್ಚಿ ಒಂದೇ ಹಗ್ಗ ಹಿಡಿದು ಕೋಣೆ ದಾಟಬೇಕು. ಯಾರೂ ಗೆಲ್ಲುವುದಿಲ್ಲ. ಇದನ್ನು ನೋಡಿ ನಗು ಬಂತು. ಆಮೇಲೆ ನಾನೂ ಒಂದು ತುದಿ ಹಿಡಿದು ದಾಟಿದೆ. ಇನ್ನೊಂದು ತುದಿಯ ಹುಡುಗನ ಕೈ ನಡುಗುವುದು ಹಗ್ಗದಲ್ಲಿ ಗೊತ್ತಾಗುತ್ತಿತ್ತು. ಆಗ ನಗು ನಿಂತಿತು.

ಗುರುಗಳ ಹೆಸರು ಯುಹಾ. ಎತ್ತರದ ಮನುಷ್ಯ, ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಎಲೆಯ ಬದಲು ಖಾರದ ಪೊಟ್ಟಣ ಕೊಟ್ಟು ನಮಸ್ಕಾರ ಮಾಡಿದೆ. ಅಲ್ಲೇ ಬಿಚ್ಚಿ ತಿಂದರು. ಕಣ್ಣಲ್ಲಿ ನೀರು ಇಳಿಯಿತು, ಮುಖ ಮಾತ್ರ ಹಾಗೇ ಇತ್ತು. ಇನ್ನೊಂದು ಮುಷ್ಟಿ ತೆಗೆದುಕೊಂಡರು.

ಅವರು ಮಕ್ಕಳಿಗೆ ಕೊಟ್ಟ ಕೆಲಸ ಇದು: ನಿಮ್ಮ ಊರಿನ ಒಂದು ಆಟ ತನ್ನಿರಿ. ಅದರ ಒಂದೇ ನಿಯಮ ಬದಲಿಸಿರಿ. ಆಡುವವರು ಹೇಗೆ ಬದಲಾಗುತ್ತಾರೆ ನೋಡಿರಿ. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಏನೋ ಬರೆದಿತ್ತು. ದಾಕ್ಷಿ ಕನ್ನಡದಲ್ಲಿ ಹೇಳಿದಳು: ಈ ನಿಯಮ ಯಾರು ಮಾಡಿದರು? ಅದರಿಂದ ಯಾರಿಗೆ ಅನುಕೂಲ? ತೆಗೆದರೆ ಏನಾಗುತ್ತದೆ?

ಚಕ್ಕಾದಲ್ಲಿ ಬೇರೆಯವರ ಒಂದಾದರೂ ಕಾಯಿ ಕಡಿಯದೆ ನಮ್ಮ ಕಾಯಿ ಒಳಮನೆಗೆ ಹೋಗುವಂತಿಲ್ಲ. ಹೊರಗಿನ ಮನೆಗಳಲ್ಲೇ ಸುತ್ತಬೇಕು. ದಾಕ್ಷಿ ಈ ಕಡಿಯುವ ನಿಯಮವನ್ನೇ ತೆಗೆದಿದ್ದಳು. ಎಲ್ಲರೂ ಸುಮ್ಮನೆ ಒಳಗೆ ಹೋಗುತ್ತಿದ್ದರು, ಆಡಿದವರು ಆಕಳಿಸುತ್ತಿದ್ದರು. ಎಲ್ಲರ ಆಟವನ್ನೂ ಊರವರು ಬಂದು ಆಡಿ ನೋಡುವ ದಿನ ಹತ್ತಿರ ಬಂದಿತ್ತು. "ಇದು ಬಿದ್ದರ ಅಪ್ಪನ ಮುಂದ ಏನಂತ ವಾದಾ ಮಾಡ್ಲಿ ಅಜ್ಜಿ" ಅಂದಳು. ಅದಕ್ಕೇ ಮೂಲ ಆಟವನ್ನು ಎಲ್ಲರಿಗೂ ತೋರಿಸಲು ನನ್ನನ್ನು ಕರೆಸಿದ್ದು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದೆ. ನಾಲ್ವರು ಕೂತೆವು. ದಾಕ್ಷಿ ಕವಡೆಗಳನ್ನು ನನ್ನ ಕೈಗೆ ಕೊಟ್ಟು ಹಿಂದೆ ಸರಿದು ನಿಂತಳು. ನಾನು ಅವನ್ನು ಎಡಗಡೆಯ ಹುಡುಗಿಗೆ ಕೊಟ್ಟೆ. ಅವಳು ನನ್ನ ಮುಖ ನೋಡಿ, ತಲೆ ಬಾಗಿಸಿ, ಪಕ್ಕದವನಿಗೆ ಕೊಟ್ಟಳು. ಅವನು ಎರಡೂ ಕೈಯಲ್ಲಿ ತೆಗೆದುಕೊಂಡು ಮುಂದಿನವಳಿಗೆ ಕೊಟ್ಟ. ಅವಳು ನನಗೆ ಕೊಟ್ಟಳು. ನಾನು ಮತ್ತೆ ಎಡಗಡೆ ಕೊಟ್ಟೆ. ಕವಡೆ ಮತ್ತೆ ಸುತ್ತು ಹೋಯಿತು. ಯಾರೂ ನಗಲಿಲ್ಲ, ಯಾರೂ ಮಾತಾಡಲಿಲ್ಲ. ಯುಹಾ ಗೋಡೆಯ ಹಲಗೆಯ ಮೇಲೆ ಏನೋ ಬರೆದುಕೊಳ್ಳುತ್ತಿದ್ದರು. ಮೂರನೆಯ ಸುತ್ತಿಗೆ ಅವರು ದಾಕ್ಷಿಯನ್ನು ಕೇಳಿದರಂತೆ, "ಆಟದ ಈ ಭಾಗ ಬಹಳ ಚೆನ್ನಾಗಿದೆ. ಎಷ್ಟು ಹೊತ್ತು ನಡೆಯುತ್ತದೆ?"

ದಾಕ್ಷಿ ನಕ್ಕು ನಕ್ಕು ನೆಲಕ್ಕೆ ಕೂತಳು. ನಾನು ಮಾಡಿದ್ದು ಆಟವಲ್ಲ, ರೂಢಿ. ಪಂಚಮಿಯ ದಿನ ನಮ್ಮ ಕಟ್ಟೆಯ ಮೇಲೆ ಹೆಂಗಸರು ಚಕ್ಕಾಕ್ಕೆ ಕೂತಾಗ ಮೊದಲ ಕವಡೆ ಮುತ್ತೈದೆಯದು. ಗಂಡ ಇಲ್ಲದವಳು ಆಡಬಹುದು, ಆದರೆ ಆಟ ಶುರುಮಾಡುವಂತಿಲ್ಲ. ಮಾಡಿದರೆ ಮನೆಗೆ ವರ್ಷವಿಡೀ ಒಳ್ಳೆಯದಾಗುವುದಿಲ್ಲವಂತೆ. ನಿಮ್ಮ ಅಜ್ಜ ಹೋದಾಗಿನಿಂದ ನನ್ನ ಕೈಗೆ ಕವಡೆ ಬಂದ ಕೂಡಲೆ ಕೈ ತಾನೇ ಪಕ್ಕಕ್ಕೆ ಹೋಗುತ್ತದೆ. ಫಿನ್‌ಲ್ಯಾಂಡಿನಲ್ಲೂ ಹೋಯಿತು.

ದಾಕ್ಷಿ ಇದನ್ನು ಅವರಿಗೆ ಹೇಳುತ್ತ ಹೇಳುತ್ತ ನಗು ನಿಲ್ಲಿಸಿದಳು. ಅವಳೂ ಚಿಕ್ಕಂದಿನಿಂದ ನೋಡಿದ್ದಳು, ಯಾವತ್ತೂ ಹೇಳಿ ನೋಡಿರಲಿಲ್ಲ. ಯುಹಾ ಗೋಡೆಯ ಮೇಲಿನ ಮೊದಲ ಸಾಲಿನ ಕಡೆ ಕೈ ತೋರಿಸಿ ನನ್ನನ್ನೇ ನೋಡಿದರು.

ಯಾರು ಮಾಡಿದರು? ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೇ ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಕವಡೆಯನ್ನು ಎಡಗಡೆಯ ಹುಡುಗಿಗೇ ಕೊಟ್ಟೆ. ಅವಳು ಆಡಿದಳು.

ನೀರು ಕಾಯದ ಬಚ್ಚಲು

ಐಲಾ ನಮ್ಮನ್ನು ಅವರ ಸೌನಾಕ್ಕೆ ಕರೆದಳು. ಕೆರೆಯ ದಂಡೆಯಲ್ಲಿ ಕಟ್ಟಿಗೆಯ ಪುಟ್ಟ ಗುಡಿಸಲು. ಬಚ್ಚಲು ಎಂದು ತಿಳಿದು ಸೀಗೆಪುಡಿ ಹಿಡಿದುಕೊಂಡು ಹೋದೆ. ಹಂಡೆ ಇಲ್ಲ, ನೀರು ಕಾಯಿಸುವುದಿಲ್ಲ, ಕಲ್ಲು ಕಾಯಿಸುತ್ತಾರೆ. ಐಲಾ ಮೈಮೇಲೆ ನೂಲೂ ಇಲ್ಲದೆ ದೇವರ ಮುಂದೆ ಕೂತ ಹಾಗೆ ನಿಶ್ಚಿಂತೆಯಿಂದ ಮೇಲಿನ ಮೆಟ್ಟಿಲಲ್ಲಿ ಕೂತಿದ್ದಳು. ನಾನು ಹೊರಳಿ ಓಡುವವಳಿದ್ದೆ. ದಾಕ್ಷಿ ಸೆರಗು ಹಿಡಿದಳು. ಸೀರೆ ಉಟ್ಟೇ ಕೂತೆ. ಕಾದ ಕಲ್ಲಿಗೆ ನೀರು ಸುರಿದಾಗ ಎದ್ದ ಹಬೆಗೆ ಸೀರೆ ಮೈಗೆ ಅಂಟಿ ಇಡ್ಲಿಯ ಬಟ್ಟೆಯಾಯಿತು. ಐಲಾ ಯಾಕೆ ಎಂದು ಕೇಳಲಿಲ್ಲ.

ಅವಳೂ ಗಂಡ ಇಲ್ಲದವಳು. ಕೆಂಪು ಸ್ವೆಟರ್ ಹಾಕಿ ತಿರುಗುತ್ತಾಳೆ. ಅದನ್ನು ನೋಡಿದಾಗಿನಿಂದ ನನ್ನ ಗಂಟಲಲ್ಲಿ ಒಂದು ಮಾತು ಸಿಕ್ಕಿಕೊಂಡಿತ್ತು. ಈಗ ಹಬೆ ತುಂಬಿತ್ತು, ಮುಖ ಕಾಣುತ್ತಿರಲಿಲ್ಲ, ಅದಕ್ಕೆ ಕೇಳಿದೆ. "ದಾಕ್ಷಿ, ಗಂಡ ಹೋದ ಎಷ್ಟು ದಿನಕ್ಕ ಕೆಂಪು ತೊಟ್ಟಿ ಅಂತ ಕೇಳ ಆಕಿನ್ನ."

ಐಲಾ ಸ್ವಲ್ಪ ಯೋಚಿಸಿ ಹೇಳಿದಳು. ದಾಕ್ಷಿ ಕನ್ನಡ ಮಾಡಿದಳು. "ಮರುದಿನ. ಚಳಿ ಇತ್ತಂತ."

"ಯಾರೂ ಏನೂ ಅನ್ನಲಿಲ್ಲೇನು?"

"ಸ್ವೆಟರ್ ಚಲೋ ಅದ ಅಂದ್ರಂತ."

ಅದಾದ ಮೇಲೆ ಮೂವರೂ ಬೆವರಿದೆವು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ದಾಕ್ಷಿ ನನ್ನ ಒದ್ದೆ ಕೈ ಹಿಡಿದು, "ಅಜ್ಜಿ, ನಾ ತಪ್ಪು ನಿಯಮಾ ತೆಗದಿದ್ದೆ" ಅಂದಳು. ಅವಳ ಕಣ್ಣು ಕೆರೆಯ ಮೇಲಿತ್ತು, ಮನಸ್ಸು ಎಲ್ಲೋ ಓಡುತ್ತಿತ್ತು. ನಿಮ್ಮ ಅಜ್ಜ ಎಲೆಬಳ್ಳಿಗೆ ಹೊಸ ಆಸರೆ ಕಟ್ಟುವಾಗ ಹೀಗೆಯೇ ಇರುತ್ತಿದ್ದರು. ಇದು ಚಿಣ್ಣಿದಾಂಡು ಅಲ್ಲ ಎಂದು ನನಗೆ ಅವತ್ತು ಖಾತ್ರಿಯಾಯಿತು.

ಊರವರು ಆಡಲು ಬಂದ ದಿನ

ದಾಕ್ಷಿಯ ಹೊಸ ಆಟ ಹೀಗಿತ್ತು. ಚಕ್ಕಾದ ಮನೆ, ಕವಡೆ, ಕಾಯಿ ಎಲ್ಲ ನಮ್ಮದೇ. ಕಡಿಯುವ ನಿಯಮವನ್ನೂ ತಿರುಗಿ ತಂದಿದ್ದಳು. ಆದರೆ ಕೂತ ಪ್ರತಿಯೊಬ್ಬರಿಗೂ ಒಂದು ಚೀಟಿ. ಒಬ್ಬರ ಚೀಟಿಯಲ್ಲಿ 'ನೀನು ಶುರುಮಾಡುವಂತಿಲ್ಲ', ಇನ್ನೊಬ್ಬರದರಲ್ಲಿ 'ನೀನು ಕಡಿಯುವಂತಿಲ್ಲ', ಮತ್ತೊಬ್ಬರದರಲ್ಲಿ 'ನೀನು ನಗುವಂತಿಲ್ಲ'. ನಾಲ್ಕನೆಯದರಲ್ಲಿ 'ನೀನು ಒಳಮನೆಗೆ ಹೋಗುವಂತಿಲ್ಲ'. ಮೀರಿದರೆ ಏನು ಶಿಕ್ಷೆ? ಅದು ಎಲ್ಲೂ ಬರೆದಿರಲಿಲ್ಲ. ಯಾಕೆಂದರೆ ಶಿಕ್ಷೆ ಇರಲೇ ಇಲ್ಲ.

ಅವತ್ತು ಬೆಳಿಗ್ಗೆ ನಿಮ್ಮ ಅಪ್ಪನ ಫೋನು ಬಂತು. "ಅವ್ವಾ, ಹಾನಗಲ್ಲಿನವರಿಗೆ ಮಾತು ಕೊಟ್ಟೇನಿ. ಆಕಿ ಚೀಲಾ ಕಟ್ಟಿದ್ಲೇನು?" ನಾನು 'ಹೂಂ' ಅನ್ನಲಿಲ್ಲ, 'ಊಹೂಂ' ಅನ್ನಲಿಲ್ಲ. ಫೋನಿನಲ್ಲಿ ತಲೆ ಆಡಿಸಿದರೆ ಕಾಣುವುದಿಲ್ಲ. "ಸರಿ, ಕಟ್ಟಸು" ಎಂದು ಅವನೇ ಇಟ್ಟ.

ಊರವರು ಬಂದರು. ಮೇಜಿನ ಸುತ್ತ ಕೂತರು, ಚೀಟಿ ಓದಿದರು, ಪಾಲಿಸಿದರು. ಒಬ್ಬ ದೊಡ್ಡ ಗಡ್ಡದ ಮನುಷ್ಯ ಕಡಿಯುವಂಥ ಕವಡೆ ಬಿದ್ದಾಗಲೆಲ್ಲ ಬೇರೆ ಕಾಯಿ ನಡೆಸಿ ಕೊನೆಯವರೆಗೂ ಹೊರಗೇ ಸುತ್ತಿದ. ಆಮೇಲೆ ಶಿಕ್ಷೆ ಇರಲಿಲ್ಲ ಎಂದು ದಾಕ್ಷಿ ಹೇಳಿದಾಗ ಚೀಟಿಯನ್ನು ತಿರುಗಿಸಿ ನೋಡಿದ, ಬೆನ್ನಿಗೆ ಏನಾದರೂ ಬರೆದಿದೆಯೇನೋ ಎಂದು. ಎದ್ದು ಹೋದವನು ತಿರುಗಿ ಬಂದು ಮತ್ತೆ ಸಾಲಿನಲ್ಲಿ ನಿಂತ. ಯಾರೂ ಆಕಳಿಸಲಿಲ್ಲ.

ನನ್ನ ಸರದಿ ಬಂತು. ಐಲಾ, ಯುಹಾ, ಹಗ್ಗದ ಹುಡುಗಿ ಮತ್ತು ನಾನು ಕೂತೆವು. ಚೀಟಿಗಳನ್ನು ಕಲಸಿ ಹಂಚಿದ್ದರು. ನನ್ನದನ್ನು ದಾಕ್ಷಿ ಕಿವಿಯಲ್ಲಿ ಓದಿದಳು. "ಶುರುಮಾಡುವಂತಿಲ್ಲ." ಅವಳ ದನಿ ಸಣ್ಣದಾಯಿತು. "ಬದಲಿ ಮಾಡ್ಲೇನಜ್ಜಿ?"

"ಇರಲಿ."

ನನ್ನ ಹಸಿರು ಬಳೆಚೂರುಗಳನ್ನು ಮನೆಯಲ್ಲಿ ಇಟ್ಟೆ. ಯಾರೂ ಎಸೆಯದೆ ಪಕ್ಕಕ್ಕೆ ಕೊಟ್ಟ ಕವಡೆ ಒಂದು ಸುತ್ತು ಬಂದು ನನ್ನ ಕೈಯಲ್ಲಿ ಕೂತಿತು. ಕೈ ಎಡಗಡೆ ಹೋಗಲು ಎದ್ದಿತು. ಐಲಾ ಕೈ ಚಾಚಿದ್ದಳು ಕೂಡ. ಸುತ್ತಲೂ ಅಷ್ಟು ಮಂದಿ ನಿಂತಿದ್ದರು. ಈ ನಿಯಮ ಯಾರು ಮಾಡಿದರು ಎಂದು ಕೇಳಿದರೆ ಹೆಸರು ಹೇಳುವವರು ಹಿರೇಬೆಂಡಿಗೇರಿಯಿಂದ ಹಾನಗಲ್ಲಿನವರೆಗೆ ಒಬ್ಬರೂ ಇಲ್ಲ. ಹೆಸರಿಲ್ಲದವರ ಮಾತಿಗೆ ನಾನು ಇಷ್ಟು ಪಂಚಮಿ ಕೊಟ್ಟಿದ್ದೆ. ದಾಕ್ಷಿಯನ್ನೂ ಕೊಡಲು ಹೊರಟಿದ್ದೆ.

ಕವಡೆ ಎಸೆದೆ.

ಬಿದ್ದದ್ದು ಬರೀ ಒಂದು. ನಾಲ್ಕರ ಚೌಕವಲ್ಲ, ಎಂಟರ ಬಾರವಲ್ಲ, ಒಂದು. ನನ್ನ ಬಳೆಚೂರನ್ನು ಒಂದು ಮನೆ ಮುಂದೆ ಸರಿಸಿದೆ. ಏನೂ ಆಗಲಿಲ್ಲ. ಐಲಾ ಚಾಚಿದ ಕೈಯನ್ನು ಹಾಗೇ ತಿರುಗಿಸಿ ನನ್ನ ಬೆನ್ನು ತಟ್ಟಿದಳು. ಯುಹಾರ ಚೀಟಿಯಲ್ಲಿ 'ನಗುವಂತಿಲ್ಲ' ಎಂದಿತ್ತು, ಅವರಿಗೆ ಅದೇನೂ ಕಷ್ಟವಾಗಲಿಲ್ಲ. ಆಟದಲ್ಲಿ ನಾನು ಐಲಾಳ ಒಂದು ಕಾಯಿ ಕಡಿದೆ. ಸೋತೆ, ಆದರೆ ಒಳಮನೆಗೆ ಹೋಗಿ ಸೋತೆ.

ಕೆರೆಯ ದಂಡೆ

ಅವತ್ತೇ ನಾನು ನಿಮ್ಮ ಅಪ್ಪನಿಗೆ ಫೋನು ಮಾಡಿದೆ. ಇಷ್ಟು ವರ್ಷ ಅವನು ಮಾಡುವುದು, ನಾನು ಎತ್ತುವುದು. ಗುಂಡಿ ಒತ್ತಲು ದಾಕ್ಷಿ ಕಲಿಸಿದಳು. ಆಮೇಲೆ ಅವಳನ್ನು ದೂರ ಕಳಿಸಿದೆ.

"ಶಂಕ್ರೂ, ಬರೂವಾಗ ಒಂದು ಸೀಟು ಖಾಲಿ ಬರ್ತದ. ನಾ ಒಬ್ಬಾಕೀನೇ ಬರ್ತೇನಿ."

ಅವನಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ದನಿ ಏರಿತು. "ಅವ್ವಾ, ನಿನ್ನ ಕಳಿಸಿದ್ದು ಯಾಕ? ಆಟ ಕಲಿಯಾಕ ಯುನಿವರ್ಸಿಟಿ ಬೇಕೇನು?"

"ಆಡಾಕ ಬ್ಯಾಡ. ನಿಯಮಾ ಯಾರು ಮಾಡಿದ್ರು ಅಂತ ಕೇಳಾಕ ಬೇಕು."

"ಯಾರು ಹೇಳಿಕೊಟ್ರು ಈ ಮಾತು ನಿನಗ?"

"ಇಷ್ಟ ವರ್ಷಾ ನೀವೆಲ್ಲಾ ಹೇಳಿಕೊಟ್ಟದ್ದನ್ನ ಕೇಳೇನಿ. ಇದು ನಂದು."

"ಹಾನಗಲ್ಲಿನವರಿಗೆ ನಾ ಏನ್ ಹೇಳ್ಲಿ? ನನ್ನ ಮಾತು ಹೋಗ್ತದ."

"ಹುಡುಗಿ ಅಜ್ಜಿ ಬ್ಯಾಡ ಅಂದ್ಲು ಅಂತ ಹೇಳು. ಬೈಯೂದಿದ್ರ ನನ್ನ ಬೈಲಿ. ಮುದುಕೀಗೆ ಬೈಗುಳಾ ಹತ್ತೂದಿಲ್ಲ."

"ಅವ್ವಾ, ನೀ ತಲಿ ಆಡಿಸಿದ್ದಿ."

"ಆಡಿಸಿದ್ದೆ. ಬಾಯಿಲೆ ಈಗ ಹೇಳಾಕತ್ತೇನಿ, ಕೇಳು. ಆಕಿ ಓದು ಮುಗಿಸಿ ಬರ್ತಾಳ. ಮದುವಿ ಆಕಿ ಕೇಳಿದಾಗ ಮಾಡೂಣು."

ಅವನು ಫೋನು ಇಟ್ಟ. ನನ್ನ ಮಗ ಕೆಟ್ಟವನಲ್ಲ. ನಾನು ಅವನ ಮೇಲೆ ಪ್ರೀತಿ ಇಟ್ಟವಳು. ಆದರೆ ಯಾರದೂ ಒಂದು ಕಾಯಿ ಕಡಿಯದೆ ಒಳಮನೆಗೆ ದಾರಿ ಇಲ್ಲ, ಮತ್ತು ಕಡಿಸಿಕೊಂಡ ಕಾಯಿ ಸಾಯುವುದಿಲ್ಲ. ಮೊದಲಿನ ಮನೆಯಿಂದ ತಿರುಗಿ ನಡೆದು ಬರುತ್ತದೆ.

ತಿರುಗಿ ಯಲವಿಗಿ

ವಿಮಾನದಲ್ಲಿ ನನ್ನ ಪಕ್ಕದ ಸೀಟು ಖಾಲಿ ಬಂತು. ಅದರ ಮೇಲೆ ಐಲಾ ಕೊಟ್ಟ ಸ್ವೆಟರ್ ಇಟ್ಟುಕೊಂಡೆ. ಕೆಂಪು ಬಣ್ಣದ್ದು. ಬೆಂಗಳೂರಿನಲ್ಲಿ ಮತ್ತೆ ಗಾಲಿಕುರ್ಚಿ ಬಂತು, ಮತ್ತೆ ಚೀಲವನ್ನೇ ಕೂರಿಸಿದೆ.

ಯಲವಿಗಿಯಲ್ಲಿ ನಿಮ್ಮ ಅಪ್ಪ ನಿಂತಿದ್ದ. ಚೀಲ ತೆಗೆದುಕೊಂಡ, ಮಾತು ತೆಗೆಯಲಿಲ್ಲ. ಕಾರಿನಲ್ಲಿ ಸವಣೂರಿಗೆ ಹೊರಟೆವು. ಎಲೆತೋಟದ ಹತ್ತಿರ ಬಂದಾಗ ದಾರಿಯನ್ನೇ ನೋಡುತ್ತ, "ಆ ಬರ್ಫದ ರಾಜಾ, ಎಷ್ಟೊತ್ತಿಗೆ ಕರಗ್ತಾನ?" ಅಂದ. ದಾಕ್ಷಿ ಕಳಿಸಿದ ವಿಡಿಯೋಗಳನ್ನು ನೋಡಿದ್ದಾನೆ ಎಂದಾಯಿತು. "ಯೋಚನಿ ಮಾಡೂದರ ಮ್ಯಾಲೆ" ಅಂದೆ. ಆಮೇಲೆ ಮತ್ತೆ ಮಾತು ಬಿಟ್ಟ. ಈ ದಿನದವರೆಗೂ ನನ್ನೊಂದಿಗೆ ಬೇಕಾದಷ್ಟೇ ಮಾತಾಡುತ್ತಾನೆ. ಆಡದಿರಲಿ. ಮಾತಿಲ್ಲದವರ ದೇಶದಲ್ಲಿ ಇದ್ದು ಬಂದವಳು ನಾನು.

ಪಂಚಮಿ

ಶ್ರಾವಣ ಬಂತು. ನಿಶ್ಚಯ ಆಗಲಿಲ್ಲ, ಪಂಚಮಿ ಆಯಿತು. ನೀವಿಬ್ಬರೂ ಜೋಕಾಲಿಯ ಹತ್ತಿರ ಇದ್ದಿರಿ, ಅದಕ್ಕೆ ನೋಡಲಿಲ್ಲ. ಕಟ್ಟೆಯ ಮೇಲೆ ಚಕ್ಕಾದ ಸುತ್ತ ಹೆಂಗಸರು ಕೂತರು. ಗಿರಿಜಜ್ಜಿ ಹಿರೇಕೆರೂರಿನಿಂದ ಬಂದಿದ್ದಳು. ಕವಡೆ ಒರೆಸಿ ಇಡುವವಳು ಯಾವತ್ತೂ ನಾನೇ. ಒರೆಸಿದೆ, ಇಡಲಿಲ್ಲ.

"ಗಂಗವ್ವಾ, ಕವಡಿ ಈ ಕಡಿ ಕೊಡ."

"ಕೊಡಾಂಗಿಲ್ಲ."

ಕೊಬ್ಬರಿ ಉಂಡಿ ಹಂಚುತ್ತಿದ್ದ ನಿಮ್ಮ ಅವ್ವನ ಕೈ ಅಲ್ಲೇ ನಿಂತಿತು. ಗಿರಿಜಜ್ಜಿ ಸುತ್ತಲೂ ನೋಡಿ, "ಯವ್ವಾ, ವರ್ಷಾ ಕೆಟ್ಟರ ಯಾರು ಜವಾಬ್ದಾರರು?" ಅಂದಳು.

"ನಾನು" ಅಂದೆ. "ಕೆಟ್ಟರ ನನ್ನ ಕೇಳು. ಚಲೋ ಆದರೂ ನನ್ನನ್ನ ಕೇಳಬೇಕು ಮತ್ತ."

ಎಸೆದೆ. ಇಲ್ಲೂ ಬಿದ್ದದ್ದು ಒಂದೇ. ಗಿರಿಜಜ್ಜಿಗೆ ನಗು ತಡೆಯಲಾಗಲಿಲ್ಲ. "ಇಷ್ಟ ಜಗಳಾ ಮಾಡಿ ಒಂದು ಒಗದ್ಲು ನೋಡ್ರಿ" ಅಂದಳು. ಮತ್ತೆ ಮುಖ ಗಂಟಿಕ್ಕಿ ತನ್ನ ಸರದಿ ಆಡಿದಳು, ಎದ್ದು ಮಾತ್ರ ಹೋಗಲಿಲ್ಲ. ಓಣಿಯ ತುದಿಮನೆಯ ಒಬ್ಬಳು, ಹರೆಯದಲ್ಲೇ ಗಂಡನನ್ನು ಕಳೆದುಕೊಂಡವಳು, ಕಂಬಕ್ಕೆ ಒರಗಿ ದೂರ ನಿಂತಿದ್ದಳು. ಎರಡನೆಯ ಆಟಕ್ಕೆ ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಕವಡೆ ಅವಳ ಕೈಗೆ ಕೊಟ್ಟೆ. ಅವಳು ಪಕ್ಕಕ್ಕೆ ಕೊಡಲು ಹೊರಟಳು. ಕೈ ಹಿಡಿದೆ.

ಬಸೂ, ಚೆನ್ನೀ, ಈ ಹಾಳೆಗಳನ್ನು ಕವಡೆಯ ಚೀಲದಲ್ಲಿಯೇ ಇಡಿರಿ, ಬಳೆಚೂರುಗಳ ಜೊತೆ. ಇಲಿ ಮುಟ್ಟದ ಹಾಗೆ ಮೇಲಿನ ಗೂಟಕ್ಕೆ ತೂಗುಹಾಕಿರಿ. ನಿಮ್ಮ ಅಪ್ಪ ಕೇಳಿದರೆ ಓದಲು ಕೊಡಿರಿ, ತಿರುಗಿ ಇಸಿದುಕೊಳ್ಳಿರಿ. ಮುಂದೆ ಯಾರಾದರೂ ನಿಮಗೆ, ಅದರಲ್ಲೂ ಚೆನ್ನಿ ನಿನಗೆ, ಇದು ನಮ್ಮಲ್ಲಿ ಆಗುವುದಿಲ್ಲ ಅಂದರೆ, ಗೂಟದಿಂದ ಚೀಲ ಇಳಿಸಿರಿ. ಮೊದಲು ಓದಿರಿ, ಆಮೇಲೆ ಆಡಿರಿ.